ಹಕ್ಕುಪತ್ರ ಇಲ್ಲದಿದ್ದರೂ ನಲ್ಲಿ ಕೇಳಬಹುದು: ಬೆಂಗಳೂರಿನ ಕೊಳಗೇರಿಗಳಿಗೆ ನೀರಿನ ಮಾರ್ಗದರ್ಶಿ

ಹದಿನೈದು ಲೀಟರಿನ ಒಂದು ಪ್ಲಾಸ್ಟಿಕ್ ಕೊಡ ತುಂಬಿಸಲು ಬೆಂಗಳೂರಿನಲ್ಲಿ ಯಾರು ಎಷ್ಟು ಕೊಡುತ್ತಾರೆ? ಜಲಮಂಡಳಿಯ ಮೀಟರ್ ಇರುವ ಮನೆಗೆ 2025ರ ಏಪ್ರಿಲ್‌ನಲ್ಲಿ ದರ ಏರುವವರೆಗೂ ಮೊದಲ 8,000 ಲೀಟರ್ ತನಕ ಸಾವಿರ ಲೀಟರ್‌ಗೆ 7 ರೂಪಾಯಿ ಇತ್ತು, ಅಂದರೆ ಕೊಡಕ್ಕೆ ಹತ್ತು ಪೈಸೆಯ ಆಸುಪಾಸು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ಗೊತ್ತುಮಾಡಿದ ಟ್ಯಾಂಕರ್ ದರ 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ, ಕೊಡಕ್ಕೆ ಒಂದೂವರೆ ರೂಪಾಯಿ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆಗ ಐದು ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿದರೆ ಕೊಡದ ಲೆಕ್ಕಕ್ಕೆ ಮೂರು ಮುಕ್ಕಾಲು ರೂಪಾಯಿ ಬೀಳುತ್ತಿತ್ತು. ದಿನಗೂಲಿಯ ಮನೆ ನೀರಿಗೆ ಕೊಡುವ ಬೆಲೆ ನಲ್ಲಿ ಇರುವ ಮನೆಗಿಂತ ಹತ್ತಾರು ಪಟ್ಟು ಹೆಚ್ಚು. ಈ ಅನ್ಯಾಯ ನೀಗಬೇಕಾದರೆ ಕಾಲೊನಿಗೆ ನಲ್ಲಿಯೇ ಬರಬೇಕು.

ನಲ್ಲಿ ಕೇಳುವ ಹೊತ್ತಿಗೆ ಬಹಳ ಕಾಲೊನಿಗಳು "ನಮಗೆ ಹಕ್ಕುಪತ್ರ ಇಲ್ಲವಲ್ಲ" ಎಂದು ಹಿಂದೆ ಸರಿಯುತ್ತವೆ. ಜಾಗದ ಹಕ್ಕು ಒಂದು ವಿಷಯ, ನೀರು ಇನ್ನೊಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಎರಡೂ ನಿಲ್ಲುತ್ತವೆ. ಕೈಯಲ್ಲಿ ಪಕ್ಕಾ ಲೆಕ್ಕ ಇಟ್ಟುಕೊಂಡು ನೀರನ್ನು ನೀರಾಗಿಯೇ ಕೇಳಿ.

ಮೊದಲು ಅಳೆಯಿರಿ

"ನಮಗೆ ನೀರು ಸಾಲುತ್ತಿಲ್ಲ" ಎಂಬ ಮಾತಿಗೆ ಎಂಜಿನಿಯರ್ "ನೋಡೋಣ" ಎನ್ನುತ್ತಾರೆ. "ತಲೆಗೆ ದಿನಕ್ಕೆ 5 ಲೀಟರ್ ಬರುತ್ತಿದೆ" ಎಂದು ಬರೆದುಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ಅಳೆಯಲು ಒಂದು ಕೊಡ, ಒಂದು ಫೋನು ಸಾಕು. ಕೊಡ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಒಂದು ಲೀಟರಿನ ಬಾಟಲಿಯಿಂದ ತುಂಬಿಸಿ ಖಾತರಿ ಮಾಡಿಕೊಳ್ಳಿ. ಹಳೆಯ ಕೊಡ ತಗ್ಗಿ ಒಂದೆರಡು ಲೀಟರ್ ಕಡಿಮೆ ಹಿಡಿಯುವುದುಂಟು. ನೀರು ಬಿಟ್ಟು ಹತ್ತು ನಿಮಿಷ ಆದ ಮೇಲೆ ಒಮ್ಮೆ, ನಡುವೆ ಒಮ್ಮೆ, ನಿಲ್ಲುವ ಮುಂಚೆ ಒಮ್ಮೆ ಕೊಡ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆಯಿರಿ. 15 ಲೀಟರ್ ಕೊಡ ಎರಡು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 7.5 ಲೀಟರ್. ಒಂದೇ ಸಲ ಅಳೆದರೆ ಮೋಸಹೋಗುತ್ತೀರಿ, ಏಕೆಂದರೆ ಎಲ್ಲ ಮನೆಯವರೂ ನಲ್ಲಿ ತಿರುಗಿಸಿದ ಮೇಲೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ.

ಒಂದು ಕಾಲೊನಿಯ ಲೆಕ್ಕ ಹೀಗೆ ಬರುತ್ತದೆ. 60 ಮನೆ, 270 ಜನ, ಎರಡು ಬೀದಿ ನಲ್ಲಿ, ದಿನ ಬಿಟ್ಟು ದಿನ ಮೂರು ಗಂಟೆ ನೀರು. 2 ನಲ್ಲಿ × 180 ನಿಮಿಷ × 7.5 ಲೀಟರ್ = 2,700 ಲೀಟರ್. ಅದು ಎರಡು ದಿನದ ನೀರು, ಹಾಗಾಗಿ ದಿನಕ್ಕೆ 1,350. ಅದನ್ನು 270ರಿಂದ ಭಾಗಿಸಿದರೆ ತಲೆಗೆ 5 ಲೀಟರ್. ನೆರೆ, ಭೂಕಂಪದ ನಂತರ ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡವೇ ತಲೆಗೆ ಕನಿಷ್ಠ 15 ಲೀಟರ್ ಹೇಳುತ್ತದೆ. ಬೀದಿ ನಲ್ಲಿಗೆ ಕೇಂದ್ರ ಸರ್ಕಾರದ ಕೈಪಿಡಿಯ ಅಳತೆ 40 ಲೀಟರ್, ಒಳಚರಂಡಿ ಇರುವ ನಗರದ ಮನೆಗೆ 135. ಈ ಮೂರೂ ಅಂಕಿಗಳನ್ನು ನಿಮ್ಮ ಅಂಕಿಯ ಪಕ್ಕದಲ್ಲಿ ಬರೆಯಿರಿ.

ಇದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ವಾರ ದಿನಚರಿ ಇಡಿ: ದಿನಾಂಕ, ನೀರು ಬಿಟ್ಟ ಹೊತ್ತು, ನಿಂತ ಹೊತ್ತು, ಬಣ್ಣ ಮತ್ತು ವಾಸನೆ. ನೀರು ಹಿಡಿಯುವ ಹೆಂಗಸರಿಗೇ ಇದು ಚೆನ್ನಾಗಿ ಗೊತ್ತಿರುವುದರಿಂದ ನೋಟ್‌ಬುಕ್ ಅವರ ಕೈಯಲ್ಲೇ ಇರಲಿ. ವಾಲ್ವ್‌ಮ್ಯಾನ್ ಯಾವ ವಾಲ್ವ್ ತಿರುಗಿಸುತ್ತಾರೆ, ಅದು ಯಾವ ಬೀದಿಯಲ್ಲಿದೆ ಎಂಬುದನ್ನೂ ಕೇಳಿ ಗುರುತು ಹಾಕಿಕೊಳ್ಳಿ. ಎಷ್ಟೋ ಕಡೆ ನೀರಿನ ಕೊರತೆ ಅನ್ನುವುದು ಒಂದು ವಾಲ್ವನ್ನು ಅರ್ಧ ಗಂಟೆ ಬೇಗ ಮುಚ್ಚುವುದರಿಂದ ಆಗಿರುತ್ತದೆ.

ನಿಮ್ಮ ಕಾಲೊನಿ ಯಾವ ಬಗೆಯದು

1973ರ ಕರ್ನಾಟಕ ಕೊಳಗೇರಿ ಪ್ರದೇಶಗಳ ಕಾಯ್ದೆಯ 3ನೇ ಸೆಕ್ಷನ್ ಅಡಿ ಘೋಷಣೆಯಾದ ಕಾಲೊನಿಯಾದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಪಟ್ಟಿಯಲ್ಲಿ ಹೆಸರಿರುತ್ತದೆ. ಆ ಆದೇಶದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಘೋಷಣೆ ಆಗಿಲ್ಲದಿದ್ದರೆ ಅದಕ್ಕೆ ಬೇರೆ ಅರ್ಜಿ ಹಾಕಿ, ಆದರೆ ನೀರಿನ ಅರ್ಜಿಯನ್ನು ಅದಕ್ಕಾಗಿ ಕಾಯಿಸಬೇಡಿ. ಘೋಷಣೆಗೆ ವರ್ಷಗಳೇ ಹಿಡಿಯಬಹುದು.

2000ನೇ ಇಸವಿಯ ಆಸುಪಾಸಿನಲ್ಲಿ ಆಸ್ಟ್ರೇಲಿಯಾ ಸರ್ಕಾರದ ನೆರವಿನ ಯೋಜನೆಯಲ್ಲಿ ಜಲಮಂಡಳಿ ಬೆಂಗಳೂರಿನ ಕೆಲವು ಕೊಳಗೇರಿಗಳಲ್ಲಿ ಒಂದು ಪ್ರಯೋಗ ಮಾಡಿತು. ಜಾಗದ ಪತ್ರದ ಬದಲು ಅಲ್ಲಿ ವಾಸವಿರುವುದಕ್ಕೆ ದಾಖಲೆ ಒಪ್ಪಿಕೊಂಡು, ಸಂಪರ್ಕ ಶುಲ್ಕ ಇಳಿಸಿ, ಮನೆಮನೆಗೆ ನಲ್ಲಿ ಕೊಟ್ಟಿತು. ಆದ್ದರಿಂದ "ಹಾಗೆ ಕೊಡುವ ಪದ್ಧತಿಯೇ ಇಲ್ಲ" ಎಂಬ ಉತ್ತರ ಬಂದರೆ ಒಪ್ಪಬೇಕಾಗಿಲ್ಲ. ಮುಂಬೈನಲ್ಲಿ ನೀರಿನ ಹಕ್ಕಿಗಾಗಿ ಹೋರಾಡುವ ಪಾನಿ ಹಕ್ ಸಮಿತಿ ಹೂಡಿದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2014ರ ಡಿಸೆಂಬರ್‌ನಲ್ಲಿ, ಅಕ್ರಮ ಗುಡಿಸಲಿನಲ್ಲಿ ಇದ್ದಾರೆಂಬ ಕಾರಣಕ್ಕೆ ಕುಡಿಯುವ ನೀರು ನಿರಾಕರಿಸುವಂತಿಲ್ಲ, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ನೀರು ಕೊಟ್ಟರೆ ಜಾಗದ ಹಕ್ಕು ಹುಟ್ಟುವುದಿಲ್ಲ ಎಂಬ ತಿಳಿವಳಿಕೆಯೂ ಅದರ ಜೊತೆಗೇ ಇದೆ. ಆ ತೀರ್ಪಿಗೆ ಕರ್ನಾಟಕದ ಅಧಿಕಾರಿಗಳು ಕಟ್ಟುಬಿದ್ದಿಲ್ಲ, ಆದರೂ ಅರ್ಜಿಯಲ್ಲಿ ಉಲ್ಲೇಖಿಸಿದರೆ ಅದಕ್ಕೆ ತೂಕ ಬರುತ್ತದೆ.

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಖಾಸಗಿ ಖಾಲಿ ಸೈಟಿನಲ್ಲಿ ನೀಲಿ ತಾಡಪಾಲಿನ ಕೆಳಗೆ ಇರುವವರದು ಇನ್ನೂ ಕಷ್ಟದ ಸ್ಥಿತಿ. ರೇಷನ್ ಕಾರ್ಡ್, ವೋಟರ್ ಕಾರ್ಡ್ ಎರಡೂ ಊರಿನದು. ಅಲ್ಲಿ ಪೈಪಿನ ಸಂಪರ್ಕ ಬೇಗ ಆಗುವುದಿಲ್ಲ. ಟ್ಯಾಂಕರ್‌ನಿಂದ ತುಂಬುವ ಸಿಂಟೆಕ್ಸ್ ಟ್ಯಾಂಕ್ ಒಂದನ್ನು ರಸ್ತೆ ಬದಿಯಲ್ಲಿ ಇಡಿಸಲು ಕೇಳಿ. ಕೆಲಸದ ಜಾಗದಲ್ಲಿ ಕುಡಿಯುವ ನೀರು ಕೊಡುವುದು ಕೆಲಸ ಮಾಡಿಸುವವರ ಹೊಣೆ ಎಂದು ಕಾರ್ಮಿಕ ಕಾನೂನು ಹೇಳುತ್ತದೆ, ಆ ದೂರು ಕಾರ್ಮಿಕ ಇಲಾಖೆಗೆ ಹೋಗಬೇಕು.

ಅರ್ಜಿ, ಸೀಲು, ನಂಬರು

ಜಲಮಂಡಳಿಯ ಸೇವಾ ಠಾಣೆಯಲ್ಲಿ ಸಹಾಯಕ ಎಂಜಿನಿಯರ್ ಇರುತ್ತಾರೆ, ಅವರ ಮೇಲೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ಅರ್ಜಿಯನ್ನು ಉಪವಿಭಾಗಕ್ಕೆ ಬರೆದು ಠಾಣೆಗೆ ಪ್ರತಿ ಕೊಡಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ, ಆದರೆ ಪೈಪಿನ ನೀರು ಈಗಲೂ ಜಲಮಂಡಳಿಯದೇ ಕೆಲಸ. ಪಾಲಿಕೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯಬೇಡಿ. ಅರ್ಜಿಯ ಒಕ್ಕಣೆ ಇಷ್ಟಿದ್ದರೆ ಸಾಕು:

"ವಿಷಯ: ______ ಕಾಲೊನಿಯ 60 ಮನೆಗಳಿಗೆ ಕುಡಿಯುವ ನೀರಿನ ಸಂಪರ್ಕ ಕೋರಿ. ನಾವು ______ ವರ್ಷಗಳಿಂದ ಇಲ್ಲಿ ವಾಸವಿದ್ದೇವೆ. ಈಗ ಎರಡು ಬೀದಿ ನಲ್ಲಿಗಳಿಂದ ತಲೆಗೆ ದಿನಕ್ಕೆ 5 ಲೀಟರ್ ಮಾತ್ರ ಸಿಗುತ್ತಿದೆ (ಅಳತೆಯ ಪಟ್ಟಿ ಲಗತ್ತಿಸಿದೆ). ಹತ್ತಿರದ ಕಾವೇರಿ ಪೈಪ್‌ಲೈನ್ ______ ರಸ್ತೆಯಲ್ಲಿ ಸುಮಾರು ______ ಮೀಟರ್ ದೂರದಲ್ಲಿದೆ. ಸ್ಥಳ ಪರಿಶೀಲನೆ ಮಾಡಿ ಅಂದಾಜು ಪಟ್ಟಿ ತಯಾರಿಸಿಕೊಡಬೇಕೆಂದು ಕೋರುತ್ತೇವೆ. ಈ ಅರ್ಜಿ ನೀರಿಗೆ ಮಾತ್ರ, ಜಾಗದ ಹಕ್ಕಿಗೆ ಸಂಬಂಧಿಸಿದ್ದಲ್ಲ."

ಕೊನೆಯ ವಾಕ್ಯ ಬಿಡಬೇಡಿ. ಸಹಿ ಹಾಕಿದರೆ ಜಾಗದ ಹಕ್ಕನ್ನು ಒಪ್ಪಿಕೊಂಡಂತಾಗುತ್ತದೆ ಎಂದು ಅಧಿಕಾರಿಗೆ ಇರುವ ಅಳುಕನ್ನು ಅದು ಕಳೆಯುತ್ತದೆ. ಲಗತ್ತುಗಳು: ಮನೆಯ ಯಜಮಾನಿಯರ ಹೆಸರು, ಸಹಿ ಅಥವಾ ಹೆಬ್ಬೆಟ್ಟು ಇರುವ ಪಟ್ಟಿ, ಪ್ರತಿ ಮನೆಯಿಂದ ವಾಸದ ಒಂದು ದಾಖಲೆ (ರೇಷನ್ ಕಾರ್ಡ್, ವೋಟರ್ ಕಾರ್ಡ್, ಕರೆಂಟ್ ಬಿಲ್, ಮಕ್ಕಳ ಶಾಲೆಯ ದಾಖಲೆ), ಕೈಯಲ್ಲಿ ಬರೆದ ನಕ್ಷೆ. ನಕ್ಷೆಯಲ್ಲಿ ಚರಂಡಿ ಯಾವ ಕಡೆ ಇದೆ, ಎಲ್ಲಿ ಓಣಿ ನಾಲ್ಕು ಅಡಿಗಿಂತ ಕಿರಿದು ಎಂದು ತೋರಿಸಿ.

ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ (ಬಂದ ಅರ್ಜಿಗೆ ಕಚೇರಿ ಕೊಡುವ ಸಂಖ್ಯೆ) ಬೀಳದೆ ಕಚೇರಿ ಬಿಟ್ಟು ಹೊರಡಬೇಡಿ. ತೆಗೆದುಕೊಳ್ಳಲು ಒಲ್ಲೆ ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಯಾರೂ ಸ್ಥಳಕ್ಕೆ ಬರದಿದ್ದರೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಜಲಮಂಡಳಿ ದೂರು ಕೇಳಲು ನಡೆಸುವ ನೀರಿನ ಅದಾಲತ್‌ಗೆ ಹೋಗಿ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಬೇಡ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. "ಯಾಕೆ ನೀರು ಕೊಟ್ಟಿಲ್ಲ" ಎಂದು ಕೇಳಬೇಡಿ. "ಇನ್‌ವರ್ಡ್ ನಂಬರ್ ಇಂಥದ್ದರ ಮೇಲೆ ದಿನವಾರು ಕೈಗೊಂಡ ಕ್ರಮ, ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ" ಎಂದು ಕೇಳಿ. ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂಬುದು ಆಗ ಗೊತ್ತಾಗುತ್ತದೆ.

ಮನೆಗೊಂದು ಮೀಟರೋ, ಎಲ್ಲರಿಗೂ ಒಂದೋ

ಸಾಧ್ಯವಾದ ಕಡೆಯೆಲ್ಲ ಮನೆಗೊಂದು ಮೀಟರ್ ಕೇಳಿ. ಗುಂಪು ಸಂಪರ್ಕ ಅಗ್ಗ ಎಂದು ತೋರುತ್ತದೆ, ಆದರೆ ಬಳಕೆ ಹೆಚ್ಚಿದಂತೆ ದರ ಏರುವ ಬಿಲ್ಲಿನ ಸ್ಲ್ಯಾಬ್‌ನಲ್ಲಿ ಪೆಟ್ಟು ಬೀಳುತ್ತದೆ. 2025ಕ್ಕೆ ಮುಂಚಿನ ದರದಲ್ಲಿ ನೋಡಿ: ಮೊದಲ 8 ಸಾವಿರ ಲೀಟರ್‌ಗೆ ಸಾವಿರಕ್ಕೆ 7 ರೂಪಾಯಿ, 25 ಸಾವಿರದವರೆಗೆ 11, 50 ಸಾವಿರದವರೆಗೆ 26, ಅದರ ಮೇಲೆ 45. ಹತ್ತು ಮನೆ ತಲಾ 8 ಸಾವಿರ ಲೀಟರ್ ಬಳಸಿದರೆ, ಬೇರೆ ಬೇರೆ ಮೀಟರ್‌ನಲ್ಲಿ ಒಟ್ಟು ನೀರಿನ ಬಿಲ್ 560 ರೂಪಾಯಿ. ಅದೇ 80 ಸಾವಿರ ಲೀಟರ್ ಒಂದೇ ಮೀಟರ್‌ನಲ್ಲಿ ಹರಿದರೆ 2,243 ರೂಪಾಯಿ. ಬಂಗಲೆಯ ತೋಟಕ್ಕೆ ಕಡಿವಾಣ ಹಾಕಲು ಮಾಡಿದ ದರ ಬಡವರ ಓಣಿಯ ಮೇಲೆ ಬೀಳುವುದು ಹೀಗೆ. ಗುಂಪು ಸಂಪರ್ಕವೇ ಗತಿ ಎಂದಾದರೆ, ಮನೆಗಳ ಸಂಖ್ಯೆಯಿಂದ ಭಾಗಿಸಿ ಸ್ಲ್ಯಾಬ್ ಲೆಕ್ಕ ಹಾಕಬೇಕೆಂದು ಅರ್ಜಿಯಲ್ಲೇ ಲಿಖಿತವಾಗಿ ಕೇಳಿ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಇದೆಯೇ ಎಂದೂ ಅಲ್ಲೇ ವಿಚಾರಿಸಿ.

ಟ್ಯಾಂಕ್ ಇಡುವುದಾದರೆ ಒಳಬರುವ ಪೈಪಿನ ಗಾತ್ರವೇ ಮುಖ್ಯ. 270 ಜನಕ್ಕೆ 40 ಲೀಟರಿನಂತೆ ಎರಡು ದಿನಕ್ಕೆ 21,600 ಲೀಟರ್ ಬೇಕು. ನೀರು ಬರುವುದು ಮೂರು ಗಂಟೆಯಾದರೆ ನಿಮಿಷಕ್ಕೆ 120 ಲೀಟರ್ ಒಳಗೆ ಬರಬೇಕು. ಅರ್ಧ ಇಂಚಿನ ಪೈಪಿಗೆ ಅದು ಆಗದ ಮಾತು, ಎರಡು ಇಂಚಿನ ಲೈನ್ ಬೇಕು. ಐದು ಸಾವಿರ ಲೀಟರಿನ ಟ್ಯಾಂಕ್‌ಗಳನ್ನು ಕೊಟ್ಟು ಅರ್ಧ ಇಂಚಿನ ಪೈಪ್ ಜೋಡಿಸಿ ಹೋದರೆ, ಟ್ಯಾಂಕ್ ಯಾವತ್ತೂ ಅರ್ಧ ದಾಟುವುದಿಲ್ಲ. ಉದ್ಘಾಟನೆಯ ದಿನ ಟ್ಯಾಂಕರ್‌ನಿಂದ ತುಂಬಿಸಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ತುಂಬಿದ 5,000 ಲೀಟರ್ ಟ್ಯಾಂಕ್ ಐದು ಟನ್ ತೂಗುತ್ತದೆ. ಕಟ್ಟೆಯನ್ನು ಸೈಜುಗಲ್ಲಿನಲ್ಲಿ ಕಟ್ಟಿ, ಮೇಲೆ ಸಮತಟ್ಟಾದ ಕಾಂಕ್ರೀಟ್ ಹಾಸಿ. ಟ್ಯಾಂಕಿನ ತಳ ಪೂರ್ತಿ ಕೂರಬೇಕು, ಅಂಚು ಹೊರಗೆ ಚಾಚಿದರೆ ಸೀಳುತ್ತದೆ. ಕಟ್ಟೆ ನಾಲ್ಕು ಅಡಿ, ನಲ್ಲಿಯ ಬಾಯಿ ನೆಲದಿಂದ ಎರಡು ಅಡಿ ಇದ್ದರೆ ಕೊಡ ಸಲೀಸಾಗಿ ಹಿಡಿಯುತ್ತದೆ. ಹೊರಹೋಗುವ ಪೈಪ್ ತಳದಿಂದ ನಾಲ್ಕು ಬೆರಳು ಮೇಲಿರಲಿ, ಕೆಸರು ತೊಳೆದು ಬಿಡಲು ತಳದಲ್ಲಿ ಬೇರೊಂದು ವಾಲ್ವ್ ಇರಲಿ. ಹಿತ್ತಾಳೆ ನಲ್ಲಿಯನ್ನೇ ಹಾಕಿಸಿ. ನಲ್ಲಿ ವಾಷರ್, ಟೆಫ್ಲಾನ್ ಟೇಪ್, ಎರಡು ಬಿಡಿ ನಲ್ಲಿ ಒಬ್ಬರ ಮನೆಯಲ್ಲಿ ಸದಾ ಇದ್ದರೆ ಸೋರಿಕೆ ಒಂದು ದಿನದಲ್ಲಿ ನಿಲ್ಲುತ್ತದೆ.

ಕೊನೆಯ ಹತ್ತು ಮೀಟರ್

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಏರಿ ಬರುವ ಕಾವೇರಿ ನೀರು ಕೆಡುವುದು ಹೆಚ್ಚಾಗಿ ನಮ್ಮ ಮನೆಯ ಮುಂದಿನ ಚರಂಡಿಯಲ್ಲಿ. ನೀರು ನಿಂತಾಗ ಪೈಪು ಬರಿದಾಗಿ ಒಳಗೆ ಎಳೆತ ಹುಟ್ಟುತ್ತದೆ. ಚರಂಡಿಯೊಳಗೆ ಮಲಗಿದ ಪೈಪಿನಲ್ಲಿ ಸೂಜಿಯಷ್ಟು ಬಿರುಕು ಇದ್ದರೂ ಕೊಳಚೆ ಒಳಗೆ ನುಗ್ಗುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಅದೇ ಬರುತ್ತದೆ. ಹಾಗಾಗಿ ಮೊದಲ ಐದು ನಿಮಿಷದ ನೀರನ್ನು ಬಟ್ಟೆ, ಪಾತ್ರೆಗೆ ಇಟ್ಟುಕೊಳ್ಳಿ, ಕುಡಿಯಲು ಬೇಡ.

ಪ್ಲಂಬರ್ ಪೈಪ್ ಎಳೆಯುವಾಗ ನೀವೇ ನಿಂತು ನೋಡಿ. ಚರಂಡಿ ಇರುವ ಗೋಡೆಯ ಎದುರು ಗೋಡೆಗೆ ಪೈಪ್ ಹೋಗಲಿ. ಚರಂಡಿ ದಾಟಲೇಬೇಕಾದರೆ ಅದರ ಮೇಲೆ ದಾಟಲಿ, ಅಡಿಯಲ್ಲಿ ಬೇಡ. ದಾಟುವ ಜಾಗದಲ್ಲಿ ಜಾಯಿಂಟ್ ಇರಬಾರದು, ಪೈಪನ್ನು ದಪ್ಪ ಕಬ್ಬಿಣದ ಪೈಪಿನೊಳಗೆ ತೂರಿಸಿರಬೇಕು. 20 ಎಂ.ಎಂ. ನೀಲಿ ಎಂಡಿಪಿಇ (ಬಗ್ಗುವ ಪ್ಲಾಸ್ಟಿಕ್) ಪೈಪ್ ಸುರುಳಿಯಲ್ಲಿ ಬರುವುದರಿಂದ ಜಾಯಿಂಟ್ ಇಲ್ಲದೆ ಎಳೆಯಬಹುದು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಚರಂಡಿಯ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಸೈಕಲ್ ಟ್ಯೂಬ್ ಸುತ್ತಿದ ಜಾಯಿಂಟ್ ಎಲ್ಲಿ ಕಂಡರೂ ಬಿಚ್ಚಿಸಿ ಸರಿಯಾದ ಕಪ್ಲರ್ ಹಾಕಿಸಿ.

ಒತ್ತಡ ಕಡಿಮೆ ಇರುವ ಕಡೆ ನೆಲ ಅಗೆದು ಗುಂಡಿಯೊಳಗೆ ನಲ್ಲಿ ಇಳಿಸುವುದನ್ನು ಊರ ತುಂಬ ಕಾಣಬಹುದು. ಮೊಣಕಾಲುದ್ದದ ಗುಂಡಿ, ತಳದಲ್ಲಿ ನಿಂತ ಕಂದು ನೀರು, ಅದರಲ್ಲಿ ಮುಳುಗಿದ ಪೈಪಿನ ಬಾಯಿ. ನೀರು ನಿಂತ ಕ್ಷಣ ಆ ಕಂದು ನೀರನ್ನೇ ಪೈಪು ಹೀರಿಕೊಳ್ಳುತ್ತದೆ, ಅದು ಪಕ್ಕದ ಮನೆಗೂ ಹೋಗುತ್ತದೆ. ಗುಂಡಿ ಸದ್ಯಕ್ಕೆ ಮುಚ್ಚಲಾಗದಿದ್ದರೆ ತಳಕ್ಕೆ ಸಿಮೆಂಟ್ ಬಳಿದು, ನಿಂತ ನೀರನ್ನು ದಿನವೂ ಮೊಗೆದು ಹಾಕಿ, ಪೈಪಿನ ಬಾಯಿ ತಳದಿಂದ ಗೇಣುದ್ದ ಮೇಲಿರುವಂತೆ ಕಟ್ಟಿ, ನೀರು ಮುಗಿದ ಕೂಡಲೇ ಮುಚ್ಚಳ ತಿರುಗಿಸಿ. ಮೋಟರ್ ಅನ್ನು ನೇರ ಲೈನಿಗೆ ಜೋಡಿಸುವುದು ಇದಕ್ಕಿಂತ ಕೆಟ್ಟದ್ದು. ಅದು ಎಲ್ಲರ ಬಿರುಕುಗಳಿಂದಲೂ ಕೊಳಚೆ ಎಳೆಯುತ್ತದೆ, ಓಣಿಯ ಕೊನೆಯ ಮನೆಗೆ ಹನಿಯೂ ಉಳಿಸುವುದಿಲ್ಲ, ದಂಡವೂ ಬೀಳುತ್ತದೆ.

ಡ್ರಮ್ಮಿನ ನೀರು

ಗುಜರಿಯಲ್ಲಿ ಸಿಗುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ. ಕೆಮಿಕಲ್ ಪ್ಲಾಸ್ಟಿಕ್ಕಿನೊಳಗೇ ಇಳಿದಿರುತ್ತದೆ, ತೊಳೆದರೆ ಹೋಗದು.

ಕುಡಿಯುವ ನೀರಿಗೆ ಕ್ಲೋರಿನ್ ಹಾಕುವ ಅಳತೆ: ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 40 ಗ್ರಾಂ ಅನ್ನು ಒಂದು ಲೀಟರ್ ನೀರಿಗೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಬೆಳಕು ಬೀಳದ ಬಾಟಲಿಗೆ ಬಸಿದಿಡಿ. ಈ ತಿಳಿ 20 ಲೀಟರ್ ಕ್ಯಾನಿಗೆ 4 ಮಿ.ಲೀ., 200 ಲೀಟರ್ ಡ್ರಮ್ಮಿಗೆ 40 ಮಿ.ಲೀ., 1,000 ಲೀಟರ್ ಟ್ಯಾಂಕಿಗೆ 200 ಮಿ.ಲೀ. ಮಕ್ಕಳ ಸಿರಪ್ ಬಾಟಲಿಯ ಮುಚ್ಚಳದಲ್ಲಿ ಗೆರೆ ಇರುತ್ತದೆ, ಅದರಲ್ಲೇ ಅಳೆಯಿರಿ. ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನೀರು ಬಗ್ಗಡವಾಗಿದ್ದರೆ ಮೊದಲು ತಂಗಲು ಬಿಟ್ಟು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗುತ್ತದೆ. ಬಾಯಿ ತೆರೆದಿಟ್ಟ ಪೌಡರ್ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಬಾಟಲಿಯ ತಿಳಿಯನ್ನು ವಾರಕ್ಕೊಮ್ಮೆ ಹೊಸದಾಗಿ ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬೋರ್‌ವೆಲ್ ನೀರಿನ ನೈಟ್ರೇಟ್ (ಕೊಳಚೆ, ಗೊಬ್ಬರದಿಂದ ಇಳಿಯುವ ರಾಸಾಯನಿಕ) ಕ್ಲೋರಿನ್‌ಗೂ ಹೋಗುವುದಿಲ್ಲ, ಕುದಿಸಿದರಂತೂ ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರ್‌ಗೆ 45 ಮಿಲಿಗ್ರಾಂ ಮೀರಿದರೆ ಕೈಕೂಸಿನ ಹಾಲಿಗೆ ಆ ನೀರು ಬೆರೆಸಲೇಬಾರದು.

ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆಯನ್ನು ನಾರಿನಿಂದ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗದೆ ತಿಂಗಳುಗಟ್ಟಲೆ ಒಣಗಿ ಕಾದು ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ.

ನೀರಿನಲ್ಲಿ ವಾಸನೆ ಬಂದರೆ ಅಥವಾ ಒಂದೇ ಓಣಿಯ ಎರಡು ಮೂರು ಮನೆಯಲ್ಲಿ ಭೇದಿ ಶುರುವಾದರೆ ಎಚ್2ಎಸ್ ಬಾಟಲಿ (ನೀರಿನಲ್ಲಿ ಮಲ ಬೆರೆತಿದೆಯೇ ಎಂದು ತೋರಿಸುವ ಪರೀಕ್ಷಾ ಬಾಟಲಿ) ತಂದು ಗುರುತಿನವರೆಗೆ ನಲ್ಲಿಯ ನೀರು ತುಂಬಿಸಿ, ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿಗೆ ಮಲ ಬೆರೆತಿದೆ ಎಂದು ತಿಳಿಯಬೇಕು. ಮನೆಯಲ್ಲಿ ನೀವೇ ಕ್ಲೋರಿನ್ ಹಾಕಿಟ್ಟ ನೀರನ್ನು ಹೀಗೆ ಪರೀಕ್ಷಿಸಬೇಡಿ, ತಪ್ಪು ಉತ್ತರ ಬರುತ್ತದೆ. ಕಪ್ಪಾದ ಬಾಟಲಿಯ ಪಕ್ಕದಲ್ಲಿ ನಲ್ಲಿಯೂ ಕಾಣುವಂತೆ ಫೋಟೊ ತೆಗೆದು 1916ಕ್ಕೆ ದೂರು ಕೊಡಿ, ಅದೇ ಫೋಟೊವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಲಿಖಿತ ಪತ್ರದ ಜೊತೆ ಕೊಡಿ. ಬಾಟಲಿ ಕಪ್ಪಾಗುವವರೆಗೆ ಕಾಯದೆ ಓಣಿಯವರೆಲ್ಲ ಅಂದಿನಿಂದಲೇ ಕುದಿಸಿದ ಅಥವಾ ಕ್ಲೋರಿನ್ ಹಾಕಿದ ನೀರನ್ನೇ ಕುಡಿಯಿರಿ.